ಬಣ್ಣ ಕಳೆದ ಮಾತ್ರಕ್ಕೆ ನೀರು ತಿಳಿಯಾಯಿತೆ?

ನಮ್ಮ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ಮತ್ತು ಪದಾರ್ಥವಿಜ್ಞಾನ ವಿಭಾಗಗಳಲ್ಲಿ ಈಚಿನ ಎರಡು ಮೂರು ದಶಕಗಳಿಂದ ಒಂದು ಪ್ರಯೋಗವು ಬಹು ಬಳಕೆಗೆ ಬಂದಿದೆ. ಗಾಜಿನ ಬೀಕರಿನಲ್ಲಿ ಬಟ್ಟಿಯಿಳಿಸಿದ ನೀರು. ಆ ನೀರಿನಲ್ಲಿ ಮಿಥಿಲೀನ್ ಬ್ಲೂ ಎಂಬ ನೀಲವರ್ಣದ ಒಂದು ಲೇಶ. ಅದಕ್ಕೆ ಬೆರೆಸಿದ ಚಿಟಿಕೆ ಪುಡಿ. ಮೇಲೆ ಪಾದರಸದ ದೀಪ, ಇಲ್ಲವೆ ಮಧ್ಯಾಹ್ನದ ಬಿಸಿಲು. ಒಂದೆರಡು ಗಂಟೆ ಕಳೆಯುವುದರೊಳಗೆ ನೀಲಿ ಮಾಸಿ ನೀರು ಕಣ್ಣಿಗೆ ನಿರ್ಮಲವಾಗುತ್ತದೆ, ನಕ್ಷೆಯ ಕಾಗದದ ಮೇಲೆ ಗೆರೆಯೊಂದು ಕೆಳಮುಖವಾಗಿ ಬಾಗುತ್ತದೆ, ಪ್ರಬಂಧದ ಕಟ್ಟಕಡೆಯ ಪರಿಚ್ಛೇದದಲ್ಲಿ ಈ ಪುಡಿಯು ಕೈಗಾರಿಕೆಗಳ ಕೊಳಚೆನೀರನ್ನು ಶುದ್ಧಿಗೊಳಿಸಲು ಸಮರ್ಥವೆಂಬ ಆಶ್ವಾಸನೆಯೊಂದು ತಪ್ಪದೆ ಕಾಣಿಸಿಕೊಳ್ಳುತ್ತದೆ.

ಈ ಆಶ್ವಾಸನೆಯ ಹಿಂದಿರುವ ವಿಜ್ಞಾನವು ಗಂಭೀರವಾದುದು, ಮನೋಹರವೂ ಆದುದು; ಅದನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಆದರೆ ಆಶ್ವಾಸನೆಯೆಂಬುದು ಯಾರನ್ನೋ ಉದ್ದೇಶಿಸಿ ಹೇಳಿದ ಮಾತಾದಕಾರಣ, ಅದು ಯಾರಿಗೆ ಸಲ್ಲಬೇಕೋ ಅವರ ಊರಿಗೆ ಅದನ್ನು ಕೊಂಡೊಯ್ದು ಕೇಳುವ ಅಧಿಕಾರವು ನಮಗಿದೆ. ಬೆಂಗಳೂರಿನಿಂದ ಈಶಾನ್ಯಕ್ಕೆ ಅರುವತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿರುವ ಶಿಡ್ಲಘಟ್ಟವು ಇಂತಹ ಪ್ರಶ್ನೆಯನ್ನು ಕೇಳಲು ತಕ್ಕ ಸ್ಥಳ. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಅಲ್ಲಿದೆ. ಮನೆಮನೆಯ ಚರಕ, ಕಾಟೇಜ್ ಬೇಸಿನ್ನುಗಳಿಂದ ಮೊದಲ್ಗೊಂಡು ಸ್ವಯಂಚಾಲಿತ ಯಂತ್ರಗಳವರೆಗೆ ನೂಲು ಬಿಚ್ಚುವ ಎಲ್ಲ ಕ್ರಮಗಳೂ ಅಲ್ಲಿವೆ. ಗೂಡು ಬೇಯಿಸಿದ ನೀರು ಅಲ್ಲಿಯ ಚರಂಡಿಗಳಲ್ಲಿ ಹರಿಯುತ್ತದೆ. ಆ ನೀರಿನ ವಾಸನೆಯನ್ನು ಒಮ್ಮೆ ಕಂಡವನಿಗೆ ‘ಕೈಗಾರಿಕೆಯ ಕೊಳಚೆ’ ಎಂಬ ಮಾತಿನ ಅರ್ಥವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಶಿಡ್ಲಘಟ್ಟವಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡ್ಡಗಳಲ್ಲಿ ಉತ್ತರ ಪಿನಾಕಿನಿಯಂತಹ ನದಿಗಳು ಹುಟ್ಟುತ್ತವೆಂಬುದು ಭೂಗೋಳದ ಪುಸ್ತಕದ ಮಾತು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲಿಲ್ಲವೆಂಬುದು ರೈತನ ಅನುಭವ.

ಮೊದಲು ಈ ವಿದ್ಯೆಯ ತಿರುಳನ್ನು ನೋಡೋಣ. 1972ರಲ್ಲಿ ಅಕಿರ ಫುಜಿಶಿಮ ಮತ್ತು ಕೆನಿಚಿ ಹೋಂಡ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು, ಗೋಡೆಯ ಬಿಳಿ ಬಣ್ಣದಲ್ಲಿಯೂ ಹಲ್ಲುಜ್ಜುವ ಪೇಸ್ಟಿನಲ್ಲಿಯೂ ಬಳಕೆಯಾಗುವ ಟೈಟಾನಿಯಂ ಡೈಆಕ್ಸೈಡನ್ನು ವಿದ್ಯುದ್ಧ್ರುವವನ್ನಾಗಿ ನೀರಿನಲ್ಲಿ ನಿಲ್ಲಿಸಿ, ಅದರ ಮೇಲೆ ಬೆಳಕು ಬೀಳಿಸಿದರೆ ನೀರು ಜಲಜನಕ ಆಮ್ಲಜನಕಗಳಾಗಿ ಒಡೆಯುವುದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷವೇ ತೈಲದ ಮುಗ್ಗಟ್ಟು ಬಂದೊದಗಿದುದರಿಂದ ಜಗತ್ತು ಈ ವರ್ತಮಾನಕ್ಕೆ ಕಿವಿಗೊಟ್ಟಿತು. ಐದು ವರ್ಷಗಳ ತರುವಾಯ, 1977ರಲ್ಲಿ, ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಎಂಬವರು ಅದೇ ಪದಾರ್ಥದ ಪುಡಿಯು ಬೆಳಕಿನಲ್ಲಿ ನೀರೊಳಗಿನ ಸಯನೈಡ್ ವಿಷವನ್ನು ನಿರ್ವೀರ್ಯಗೊಳಿಸುವುದೆಂದು ತೋರಿಸಿದಾಗ, ಇಂಧನದ ಶಾಸ್ತ್ರವಾಗಿದ್ದುದು ಶುದ್ಧೀಕರಣದ ಶಾಸ್ತ್ರವೂ ಆಯಿತು. ನಡೆಯುವುದಿಷ್ಟು: 388 ನ್ಯಾನೋಮೀಟರಿಗಿಂತ ಕಡಿಮೆ ತರಂಗದೂರದ ಬೆಳಕು ತಾಗಿದಾಗ ಆ ಅರೆವಾಹಕದ ಇಲೆಕ್ಟ್ರಾನೊಂದು ತನ್ನ ನೆಲೆಯನ್ನು ಬಿಟ್ಟು ಮೇಲಕ್ಕೆ ನೆಗೆಯುತ್ತದೆ, ಅದು ತೆರವು ಮಾಡಿದ ಸ್ಥಾನವನ್ನು ಶಾಸ್ತ್ರಜ್ಞರು ರಂಧ್ರವೆನ್ನುತ್ತಾರೆ. ಇಲೆಕ್ಟ್ರಾನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೇರಿದರೆ, ರಂಧ್ರವು ನೀರಿನಿಂದಲೇ ಒಂದು ಇಲೆಕ್ಟ್ರಾನನ್ನು ಕಿತ್ತುಕೊಂಡು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಮಹಾಕ್ಷುಧೆಯ ಕಣವನ್ನು ಹುಟ್ಟಿಸುತ್ತದೆ. ಎದುರಿಗೆ ಸಿಕ್ಕಿದ ಸೇಂದ್ರಿಯ ಪದಾರ್ಥವನ್ನೆಲ್ಲ ಅದು ಕತ್ತರಿಸುತ್ತ ಹೋಗಿ, ಕಡೆಗೆ ಇಂಗಾಲಾಮ್ಲವೂ ನೀರೂ ಮಾತ್ರ ಉಳಿಯುವಂತೆ ಮಾಡಬಲ್ಲುದು. ಯಾವ ಔಷಧವನ್ನೂ ಸುರಿಯದೆ, ಸೂರ್ಯನೊಬ್ಬನನ್ನೇ ದುಡಿಸಿಕೊಂಡು ಕೊಳೆಯನ್ನು ಇಲ್ಲವಾಗಿಸುವ ಈ ಕ್ರಮದಲ್ಲಿ ಒಂದು ಸೌಂದರ್ಯವಿದೆ ಎಂಬುದನ್ನು ಯಾವ ಸಂಶಯಾತ್ಮನೂ ಅಲ್ಲಗಳೆಯಲಾರ.

ಆದರೆ ದೋಷಗಳೆರಡು. ಬಿಸಿಲಿನಲ್ಲಿ ಈ ಬಗೆಯ ಅತಿನೇರಳೆ ಕಿರಣಗಳ ಪಾಲು ಶೇಕಡ 5ರಷ್ಟು ಮಾತ್ರ. ಮಿಕ್ಕ ತೊಂಬತ್ತೈದು ಪಾಲು ಬೆಳಕು ಬಿಳಿಯ ಪುಡಿಯ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಅಷ್ಟರಲ್ಲಿಯೂ, ಬೇರ್ಪಟ್ಟ ಇಲೆಕ್ಟ್ರಾನು ರಂಧ್ರಗಳು ಯಾವ ಕೆಲಸವನ್ನೂ ಮಾಡದೆ ಕ್ಷಣಾರ್ಧಕ್ಕಿಂತ ಎಷ್ಟೋ ಕಡಿಮೆ ಕಾಲದಲ್ಲಿ ಮರಳಿ ಕೂಡಿಬಿಡುವುದೇ ಹೆಚ್ಚು.

ಇಲ್ಲಿಗೆ ವಿದ್ಯುದ್ವಾಹಕ ಪಾಲಿಮರುಗಳ ಪ್ರವೇಶವಾಗುತ್ತದೆ. ಪ್ಲಾಸ್ಟಿಕ್ಕೆಂದರೆ ತಂತಿಗೆ ಹೊದಿಸುವ ಅವಾಹಕವೆಂದೇ ತಿಳಿದಿದ್ದ ಲೋಕಕ್ಕೆ, ಅದೇ 1977ರಲ್ಲಿ, ಶಿರಕಾವ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಎಂಬ ಮೂವರು ಪಾಲಿಅಸಿಟಿಲೀನಿನ ಹಾಳೆಗೆ ಅಯೊಡೀನಿನ ಆವಿಯನ್ನು ಊಡಿಸಿ ಅದರ ವಾಹಕತ್ವವನ್ನು ಒಂದು ಕೋಟಿ ಪಟ್ಟು ಹೆಚ್ಚಿಸಿ ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಆ ಬೆಳ್ಳಿಯ ಹೊಳಪಿನ ಹಾಳೆಯು ಮೊತ್ತಮೊದಲು ದೊರೆತುದು ಶಿರಕಾವರ ಪ್ರಯೋಗಶಾಲೆಯಲ್ಲಿ ಕ್ರಿಯಾವರ್ಧಕವನ್ನು ತಪ್ಪಿ ಸಾವಿರ ಪಟ್ಟು ಹೆಚ್ಚಾಗಿ ಹಾಕಿದ್ದರಿಂದ ಎಂಬ ಕಥೆ ಪ್ರಸಿದ್ಧವಾಗಿದೆ. ಈ ಪಾಲಿಮರುಗಳ ಸಾಲಿನಲ್ಲಿಯೇ ಬರುವ ಪಾಲಿಅನಿಲೀನ್ ಇನ್ನೂ ಹಳೆಯದು. 1862ರಲ್ಲಿಯೇ ಲಂಡನ್ನಿನ ಹೆನ್ರಿ ಲೆದೆಬಿ ಎಂಬಾತನು ಅನಿಲೀನನ್ನು ವಿದ್ಯುತ್ತಿನಿಂದ ಉತ್ಕರ್ಷಿಸಿ ನೀಲಿ ಹಸುರುಗಳ ಒಂದು ಲೇಪವನ್ನು ಪಡೆದಿದ್ದನಾದರೂ, ಬಣ್ಣಗಾರರ ಕಪ್ಪು ಎಂಬುದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ನೂರು ವರ್ಷ ದೊರೆಯಲಿಲ್ಲ. ಅಗ್ಗವಾದುದು, ಗಾಳಿಗೆ ಕೆಡದೆ ಉಳಿಯುವುದು, ಆಮ್ಲವನ್ನು ಕುಡಿದಾಗ ಹಸುರಾಗಿ ವಿದ್ಯುತ್ತನ್ನು ಹರಿಯಬಿಡುವುದು, ಕ್ಷಾರ ತಾಗಿದಾಗ ನೀಲಿಗೆ ತಿರುಗಿ ವಿದ್ಯುತ್ತನ್ನು ತಡೆಯುವುದು: ಇಂತಹ ಸೌಲಭ್ಯಗಳಿಂದಾಗಿ ಹಣವೂ ಉಪಕರಣಗಳೂ ಕಡಿಮೆಯಿರುವ ನಮ್ಮಂತಹ ದೇಶದ ಪ್ರಯೋಗಶಾಲೆಗಳಿಗೆ ಅದು ಅತ್ಯಂತ ಪ್ರಿಯವಾಯಿತು.

ಈ ಪಾಲಿಮರಿನ ಸರಪಣಿಯುದ್ದಕ್ಕೂ ಒಂಟಿ ಬಂಧವೂ ಜೋಡಿ ಬಂಧವೂ ಒಂದಾದಮೇಲೊಂದು ಬರುವುದರಿಂದ ಇಲೆಕ್ಟ್ರಾನುಗಳು ಯಾವೊಂದು ಪರಮಾಣುವಿಗೂ ಅಂಟಿಕೊಂಡಿರದೆ ಸಂಚರಿಸಬಲ್ಲವು. ಸರಪಣಿ ಮುಗಿದಲ್ಲಿ ಮಾತ್ರ ಅವು ಪಕ್ಕದ ಸರಪಣಿಗೆ ನೆಗೆಯಬೇಕು. ಶಿಡ್ಲಘಟ್ಟದ ಬೇಸಿನ್ನಿನ ಮುಂದೆ ಕುಳಿತವಳು ಒಂದು ಗೂಡಿನ ಎಳೆ ಹರಿದೊಡನೆ ಇನ್ನೊಂದು ಗೂಡಿನ ಎಳೆಯನ್ನು ಕೂಡಿಸುತ್ತ ಹೋಗುವಂತೆ, ಎಳೆಯುದ್ದಕ್ಕೂ ಓಟವು ಸರಾಗ, ಕೂಡಿಸುವ ಜಾಗದಲ್ಲಿಯೇ ತಡೆ. ಇಂತಹ ಪದಾರ್ಥವನ್ನು ಟೈಟಾನಿಯಂ ಡೈಆಕ್ಸೈಡಿನ ಕಣಗಳಿಗೆ ಹೊದಿಸಿದರೆ ಎರಡು ಲಾಭಗಳು. ಕಣ್ಣಿಗೆ ಕಾಣುವ ಬೆಳಕನ್ನು ಪಾಲಿಮರು ಹೀರಿಕೊಂಡು ತನ್ನ ಇಲೆಕ್ಟ್ರಾನನ್ನು ಆಕ್ಸೈಡಿಗೆ ದಾಟಿಸುತ್ತದೆ. ರಂಧ್ರವನ್ನು ತನ್ನಲ್ಲಿಯೇ ಉಳಿಸಿಕೊಂಡು, ಅಗಲಿದವು ಬೇಗನೆ ಕೂಡದಂತೆ ನೋಡಿಕೊಳ್ಳುತ್ತದೆ. ಮೇಲೆ ಹೇಳಿದ ಎರಡು ದೋಷಗಳಿಗೂ ಒಂದೇ ಮದ್ದು ದೊರೆತಂತಾಯಿತೆಂದು ಯಾರಿಗಾದರೂ ತೋರುವುದು ಸಹಜ. ಪ್ರಬಂಧಗಳ ಪ್ರವಾಹಕ್ಕೆ ಮೂಲವು ಇದೇ.

ಕರ್ನಾಟಕದ ವಿಜ್ಞಾನವು ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರು 1988ರ ಸುಮಾರಿಗೆ ಲೋಹದ ನೈಟ್ರೇಟನ್ನೂ ಯೂರಿಯದಂತಹ ಇಂಧನವನ್ನೂ ನೀರಿನಲ್ಲಿ ಕಲಸಿ, 500 ಡಿಗ್ರಿಯ ಕುಲುಮೆಯಲ್ಲಿಟ್ಟು, ಮಿಶ್ರಣವು ತಾನಾಗಿ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಅತಿ ನವಿರಾದ ಆಕ್ಸೈಡಿನ ಪುಡಿಯಾಗುವ ದಹನ ವಿಧಾನವನ್ನು ರೂಢಿಗೆ ತಂದರು. ಗೊಬ್ಬರದ ಅಂಗಡಿಯ ಯೂರಿಯದಿಂದ ಉನ್ನತ ಪದಾರ್ಥವಿಜ್ಞಾನವನ್ನು ನಡೆಸಬಹುದೆಂಬುದನ್ನು ತೋರಿಸಿಕೊಟ್ಟ ಈ ವಿಧಾನವನ್ನು ನಾನು, ನಮ್ಮ ನಾಡು ಪ್ರಪಂಚದ ರಸಾಯನಶಾಸ್ತ್ರಕ್ಕೆ ಕೊಟ್ಟ ಶ್ರೇಷ್ಠ ಕಾಣಿಕೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಅದೇ ಸಂಸ್ಥೆಯ ಎಂ. ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಅವರ ಬಳಗವು ಇದೇ ದಾರಿಯಲ್ಲಿ, ಗ್ಲೈಸೀನನ್ನು ಇಂಧನವಾಗಿಟ್ಟುಕೊಂಡು, ನಸುಹಳದಿಯ ಟೈಟಾನಿಯಂ ಡೈಆಕ್ಸೈಡನ್ನು ತಯಾರಿಸಿ, ಬಿಸಿಲಿನಲ್ಲಿ ಅದರ ಪಟುತ್ವವನ್ನು ಬಣ್ಣಗಳ ಮೇಲೆ ಮಾತ್ರವಲ್ಲದೆ ಫೀನಾಲಿನಂತಹ ಬಣ್ಣವಿಲ್ಲದ ವಿಷಗಳ ಮೇಲೆಯೂ ಪರೀಕ್ಷಿಸಿತು. ಕಲಬುರ್ಗಿಯ ವಿಶ್ವವಿದ್ಯಾಲಯದ ಪದಾರ್ಥವಿಜ್ಞಾನ ವಿಭಾಗದಲ್ಲಿ ಅಂಬಿಕಾ ಪ್ರಸಾದ್ ಅವರೂ ಅವರ ಶಿಷ್ಯರೂ ಪಾಲಿಅನಿಲೀನಿಗೆ ಬಗೆಬಗೆಯ ಆಕ್ಸೈಡುಗಳನ್ನು ಬೆರೆಸಿ ಅದರ ವಿದ್ಯುತ್ ಗುಣಗಳನ್ನು ಅಭ್ಯಾಸ ಮಾಡಿದರು. 2006ರಲ್ಲಿ ಪ್ರಕಟವಾದ ಅವರ ಒಂದು ಪ್ರಬಂಧದ ವಿಷಯವು ಟಂಗ್‌ಸ್ಟನ್ ಆಕ್ಸೈಡ್ ಬೆರೆಸಿದ ಪಾಲಿಅನಿಲೀನಿನಿಂದ ಗಾಳಿಯ ತೇವವನ್ನು ಅಳೆಯುವುದು. ಈ ತೇವದ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುವುದು. ಚಿಂತಾಮಣಿಯನ್ನು ತಮ್ಮ ಹೆಸರಿನ ಮೊದಲಲ್ಲಿ ಧರಿಸಿರುವ ಸಿ. ಎನ್. ಆರ್. ರಾವ್ ಅವರಂತೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿಯೂ, ಬೆಳಕಿನಿಂದ ನೀರನ್ನೊಡೆದು ಜಲಜನಕವನ್ನು ಪಡೆಯುವ ಪ್ರಯೋಗಗಳನ್ನು ನಡೆಸುತ್ತಿದ್ದರು.

ಈ ಪಾಂಡಿತ್ಯದ ಬಹುಭಾಗವು ಶಿಡ್ಲಘಟ್ಟದಿಂದ ಒಂದೆರಡು ಗಂಟೆಯ ಬಸ್ ಪ್ರಯಾಣದ ದೂರದಲ್ಲಿರುವಾಗ, ಅಲ್ಲಿಯ ಚರಂಡಿಗೂ ಇಲ್ಲಿಯ ಬೀಕರಿಗೂ ಸಂಬಂಧವೇಕೆ ಕೂಡಿಬರಲಿಲ್ಲ? ನನ್ನ ಉತ್ತರವು ಇದು: ವಿದ್ಯೆಯಲ್ಲಿ ಕುಂದಿಲ್ಲ, ಪರೀಕ್ಷೆಯಲ್ಲಿ ಕುಂದಿದೆ. ಮಿಥಿಲೀನ್ ಬ್ಲೂ ಸ್ವತಃ ಗೋಚರ ಬೆಳಕನ್ನು ಹೀರುವ ಪದಾರ್ಥವಾದಕಾರಣ, ಅದು ತನ್ನ ಇಲೆಕ್ಟ್ರಾನನ್ನು ತಾನೇ ಪುಡಿಗೆ ಕೊಟ್ಟು ತಾನೇ ಕೆಡುವುದುಂಟು. ಆಗ ಪುಡಿಯ ಪ್ರತಾಪವೆಂದು ನಾವು ಬರೆದುಕೊಂಡುದು ಬಣ್ಣದ ದೌರ್ಬಲ್ಯವಾಗಿರುತ್ತದೆ. ಪಾಲಿಅನಿಲೀನಿಗೆ ಬಣ್ಣಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುವ ಸ್ವಭಾವವಿದೆ. ಕತ್ತಲಲ್ಲಿ ಎಷ್ಟು ಅಂಟಿತೆಂಬುದನ್ನು ಮೊದಲು ಅಳೆಯದಿದ್ದರೆ ಹೀರಿಕೆಯೇ ನಾಶವೆಂಬ ಹೆಸರು ಪಡೆಯುತ್ತದೆ. ಕೆಲವೊಮ್ಮೆ ನೀಲಿಯು ಬಣ್ಣವಿಲ್ಲದ ಇನ್ನೊಂದು ರೂಪವನ್ನು ತಾಳಿ, ಗಾಳಿ ತಾಗಿದೊಡನೆ ಮರಳಿ ನೀಲಿಯಾಗುವುದೂ ಉಂಟು. ಬಣ್ಣವು ಮಾಯವಾದ ನೀರಿನಲ್ಲಿ ಸೇಂದ್ರಿಯ ಇಂಗಾಲವು ಎಷ್ಟು ಉಳಿದಿದೆಯೆಂದು ಅಳೆಯುವ ಶ್ರಮವನ್ನು ಕೈಗೊಂಡ ಪ್ರಬಂಧಗಳಿಗೆ ನಾನು ಕೈಮುಗಿಯುತ್ತೇನೆ. ಕೈಗೊಳ್ಳದವು ಎಷ್ಟೆಂಬುದನ್ನು ಆ ಕ್ಷೇತ್ರದವರೇ ಬಲ್ಲರು. ಪ್ರಬಂಧಗಳ ಸಂಖ್ಯೆಯನ್ನೆಣಿಸಿ ಬಡ್ತಿ ಕೊಡುವ ವ್ಯವಸ್ಥೆಯಲ್ಲಿ, ಎರಡು ಗಂಟೆಯಲ್ಲಿ ಮುಗಿಯುವ ಪರೀಕ್ಷೆಗೆ ಎರಡು ತಿಂಗಳು ಹಿಡಿಯುವ ಪರೀಕ್ಷೆಯು ಸೋಲುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದಕ್ಕಿಂತ ಆಳವಾದ ಸಂಕಟವೊಂದು ಈ ಮಿಶ್ರ ಪದಾರ್ಥದ ಗರ್ಭದಲ್ಲಿಯೇ ಇದೆ. ಹೈಡ್ರಾಕ್ಸಿಲ್ ರ್‍ಯಾಡಿಕಲ್ಲಿಗೆ ಮಿತ್ರ ಶತ್ರುಗಳೆಂಬ ವಿವೇಚನೆಯಿಲ್ಲ. ಕೊಳೆಯು ಸೇಂದ್ರಿಯವಾದರೆ ಪಾಲಿಮರೂ ಸೇಂದ್ರಿಯವೇ. ನೀರಿನ ಕೊಳೆಯನ್ನು ತಿನ್ನಲೆಂದು ಹುಟ್ಟಿಸಿದ ಕಣವು, ತನ್ನನ್ನು ಹುಟ್ಟಿಸುವುದರಲ್ಲಿ ಸಹಾಯ ಮಾಡಿದ ಪಾಲಿಮರನ್ನೂ ದಿನೇ ದಿನೇ ತಿನ್ನತೊಡಗುತ್ತದೆ. ಐದು ಸಲ ಬಳಸಿದೆವು, ಪಟುತ್ವವು ಹೆಚ್ಚಾಗಿ ಕುಗ್ಗಲಿಲ್ಲ ಎಂಬುದು ಪ್ರಬಂಧಕ್ಕೆ ಸಾಕು; ವರ್ಷಕ್ಕೆ ಮುನ್ನೂರು ದಿನ ಒಲೆ ಹೊತ್ತಿಸುವ ನೂಲು ಬಿಚ್ಚಾಣಿಕೆ ಘಟಕಕ್ಕೆ ಅದು ಒಂದು ವಾರದ ಮಾತು. ಇನ್ನು ನಮ್ಮ ಬಯಲುಸೀಮೆಯ ಕೊಳವೆಬಾವಿಯ ನೀರು ಬಟ್ಟಿಯಿಳಿಸಿದ ನೀರಲ್ಲ. ಗಡಸಾದುದು, ಬೈಕಾರ್ಬೊನೇಟು ಕ್ಲೋರೈಡುಗಳಿಂದ ತುಂಬಿದುದು. ಆ ಲವಣಗಳು ರ್‍ಯಾಡಿಕಲ್ಲುಗಳನ್ನು ಅವು ಕೊಳೆಯನ್ನು ಮುಟ್ಟುವ ಮೊದಲೇ ನುಂಗಿಬಿಡುತ್ತವೆ. ನವಿರಾದ ಪುಡಿಯನ್ನು ನೀರಿನಿಂದ ಮರಳಿ ಹೆಕ್ಕುವ ಕಷ್ಟವು ಬೇರೆ. ಹೆಕ್ಕದೆ ಬಿಟ್ಟರೆ ಅದೂ ಒಂದು ಕಲ್ಮಷವೇ.

ಹಾಗಾದರೆ ಬೇಸಿನ್ನಿನ ನೀರಿನಲ್ಲಿ ನಿಜವಾಗಿ ಇರುವುದೇನು? ಗೂಡಿನ ಎಳೆಯಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ತಂತುಗಳನ್ನು ಸೆರಿಸಿನ್ ಎಂಬ ಅಂಟು ಬಂಧಿಸಿರುತ್ತದೆ. ಗೂಡಿನ ಚಿಪ್ಪಿನ ತೂಕದಲ್ಲಿ ಈ ಅಂಟಿನ ಪಾಲು ಶೇಕಡ 20ರಿಂದ 30. ಕುದಿಯುವ ನೀರಿನಲ್ಲಿ ಗೂಡನ್ನು ಬೇಯಿಸುವುದು ಈ ಅಂಟು ಸಡಿಲಗೊಂಡು ಎಳೆಯು ಬಿಚ್ಚಿಕೊಳ್ಳಲೆಂದೇ. ಸಡಿಲಗೊಂಡ ಅಂಟಿನ ಒಂದಂಶವೂ, ಬೆಂದ ಹುಳುವಿನ ಕೊಬ್ಬು ಪ್ರೋಟೀನುಗಳೂ ನೀರಿನಲ್ಲಿ ಉಳಿದು, ಅದನ್ನು ಕೊಳೆಯಿಸಲು ಬೇಕಾಗುವ ಆಮ್ಲಜನಕದ ಪ್ರಮಾಣವು ಲೀಟರಿಗೆ ಸಾವಿರಾರು ಮಿಲಿಗ್ರಾಮುಗಳಿಗೆ ಏರುತ್ತದೆ. ಬೀಕರಿನ ನೀಲಿ ನೀರಿನಲ್ಲಿದ್ದುದು ಹತ್ತೋ ಇಪ್ಪತ್ತೋ ಮಿಲಿಗ್ರಾಂ. ಈ ಅಂತರವನ್ನು ಕಂಡಮೇಲೆ ಬೆಳಕಿನ ಪುಡಿಯನ್ನು ನೇರವಾಗಿ ಬೇಸಿನ್ನಿಗೆ ಸುರಿಯೆಂದು ಹೇಳುವವನು ರಸಾಯನಶಾಸ್ತ್ರವನ್ನಾಗಲಿ ನೂಲು ಬಿಚ್ಚುವವರ ಕಷ್ಟವನ್ನಾಗಲಿ ಅರಿತವನಲ್ಲ. ಅದೂ ಅಲ್ಲದೆ, ಸೆರಿಸಿನ್ ಎಂಬುದು ಸುಟ್ಟುಹಾಕಬೇಕಾದ ಕಸವಲ್ಲ. ಪ್ರಸಾಧನ ಸಾಮಗ್ರಿಗಳಿಗೂ ಗಾಯಕ್ಕೆ ಕಟ್ಟುವ ಪಟ್ಟಿಗಳಿಗೂ ಬೇಕಾಗುವ ಬೆಲೆಯುಳ್ಳ ಪ್ರೋಟೀನು. ಅದನ್ನು ಮೊದಲು ಸೋಸಿ ತೆಗೆದುಕೊಂಡು, ಮಿಕ್ಕುದನ್ನು ಸೂಕ್ಷ್ಮಜೀವಿಗಳಿಗೆ ತಿನ್ನಲು ಬಿಟ್ಟು, ಅವುಗಳಿಂದಲೂ ಅಳಿಯದೆ ಉಳಿದ ಲೇಶವನ್ನು ಮಾತ್ರ ಬೆಳಕಿಗೆ ಒಪ್ಪಿಸುವುದು ಸರಿಯಾದ ಕ್ರಮ. ಬೆಳಕಿನಿಂದ ಕೊಳೆಯನ್ನಳಿಸುವ ಈ ದ್ಯುತಿಕ್ರಿಯಾವರ್ಧನೆಯ ಸ್ಥಾನವು ಸಾಲಿನ ಕೊನೆಯದು. ಅದನ್ನು ಮೊದಲನೆಯ ಸ್ಥಾನದಲ್ಲಿ ಕೂರಿಸಿ ಹೊಗಳಿದವರೇ ಅದಕ್ಕೆ ಅಪಕಾರವೆಸಗಿದ್ದಾರೆ.

ಕೊನೆಯ ಸ್ಥಾನವೆಂದೊಡನೆ ಜಿಲ್ಲೆಯ ಕೆರೆಗಳ ಮಾತು ಬರುತ್ತದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿ, ದಿನಕ್ಕೆ 210 ದಶಲಕ್ಷ ಲೀಟರುಗಳಂತೆ, ಚಿಕ್ಕಬಳ್ಳಾಪುರ ಮತ್ತು ಸುತ್ತಿನ 65 ಕೆರೆಗಳಿಗೆ ತುಂಬುವುದು ಎಚ್. ಎನ್. ವ್ಯಾಲಿ ಯೋಜನೆಯ ಗುರಿ. ಕೋಲಾರಕ್ಕೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬಂದ 2018ರಲ್ಲಿ ಕೆರೆಯ ಮೇಲೆ ನೊರೆಯೆದ್ದು ವಿವಾದವು ಉಚ್ಚ ನ್ಯಾಯಾಲಯವನ್ನೇರಿದ್ದು ಎಲ್ಲರ ನೆನಪಿನಲ್ಲಿದೆ. ಅಂದಿನಿಂದ ‘ಮೂರನೆಯ ಹಂತದ ಶುದ್ಧೀಕರಣ’ ಎಂಬುದು ಈ ಎರಡು ಜಿಲ್ಲೆಗಳ ನೀರಾವರಿ ಹೋರಾಟದ ಮುಖ್ಯ ಘೋಷಣೆಯಾಗಿದೆ. ಆ ಮೂರನೆಯ ಹಂತವನ್ನು ನಮ್ಮ ಬಿಸಿಲೇ ನಡೆಸಿಕೊಡಬಾರದೇಕೆ ಎಂದು ಯಾರಾದರೂ ಕೇಳಿದರೆ, ನಗುವುದಕ್ಕೆ ಮೊದಲು ಲೆಕ್ಕ ಹಾಕಬೇಕು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಜಿಲ್ಲೆಯಲ್ಲಿ ನೀರಿನ ಮಾತನ್ನು ಲೆಕ್ಕವಿಲ್ಲದೆ ಆಡುವುದು ಶೋಭೆಯಲ್ಲ.

ಸ್ಥೂಲವಾಗಿಯೇ ನೋಡೋಣ. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರು ನೆಲದ ಮೇಲೆ ದಿನವೊಂದಕ್ಕೆ ಸರಾಸರಿ 5 ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಅದರಲ್ಲಿ ಅತಿನೇರಳೆಯ ಶೇಕಡ 5ನ್ನು ಮಾತ್ರ ಪುಡಿಯು ಬಳಸುವುದೆಂದೂ, ಹೀರಿದ ಪ್ರತಿ ನೂರು ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಉಪಯುಕ್ತ ಕೆಲಸವನ್ನು ಮಾಡುವುದೆಂದೂ, ಎರಡು ಹಂತಗಳನ್ನು ದಾಟಿ ಬಂದ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಆಮ್ಲಜನಕವನ್ನು ಬೇಡುವಷ್ಟು ಕೊಳೆಯು ಉಳಿದಿರುವುದೆಂದೂ ಇಟ್ಟುಕೊಂಡರೆ, ಒಂದು ಚದರ ಮೀಟರು ದಿನಕ್ಕೆ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಪೂರ್ತಿಯಾಗಿ ಶುದ್ಧಿಗೊಳಿಸಬಲ್ಲುದು. 210 ದಶಲಕ್ಷ ಲೀಟರಿಗೆ ಸುಮಾರು 12 ಸಾವಿರ ಎಕರೆ ಬೇಕಾಯಿತು. ಅಷ್ಟು ಭೂಮಿಯಲ್ಲಿ ಹಿಪ್ಪುನೇರಳೆ ಬೆಳೆಯುವುದೇ ಮೇಲೆಂದು ಯಾವ ರೈತನೂ ಹೇಳುವನು. ಆದರೆ ಪಾಲಿಮರಿನ ಮಹತ್ವವು ಬೆಳಗುವುದೂ ಇದೇ ಲೆಕ್ಕದಲ್ಲಿಯೇ: ಬಿಸಿಲಿನಲ್ಲಿ ಶೇಕಡ 45ರಷ್ಟಿರುವ ಗೋಚರ ಬೆಳಕೂ ಅದೇ ನೂರಕ್ಕೊಂದರ ದಕ್ಷತೆಯಿಂದ ದುಡಿಯುವುದಾದರೆ, ಬೇಕಾಗುವ ನೆಲವು ಎಂಟುನೂರು ಎಕರೆಯ ಆಸುಪಾಸಿಗೆ ಇಳಿಯುತ್ತದೆ. ಎಂಟುನೂರು ಎಕರೆ ಕಡಿಮೆಯಲ್ಲ. ಆದರೂ 12 ಸಾವಿರಕ್ಕೂ ಎಂಟುನೂರಕ್ಕೂ ನಡುವೆ ಇರುವುದು ಹಾಸ್ಯಕ್ಕೂ ಯೋಜನೆಗೂ ಇರುವ ಅಂತರ. ಆ ನೂರಕ್ಕೊಂದು ಗೋಚರ ಬೆಳಕಿನಲ್ಲಿಯೂ ನಿಲ್ಲುವುದೆ, ಲವಣ ತುಂಬಿದ ನೀರಿನಲ್ಲಿ ನಿಲ್ಲುವುದೆ, ಎರಡು ಬೇಸಗೆಗಳ ಬಳಿಕ ನಿಲ್ಲುವುದೆ ಎಂಬುವೇ ಈ ಶಾಸ್ತ್ರವು ಉತ್ತರಿಸಬೇಕಾದ ಪ್ರಶ್ನೆಗಳು. ನೀಲಿಯು ಎಷ್ಟು ನಿಮಿಷದಲ್ಲಿ ಮಾಸಿತೆಂಬುದು ಅವುಗಳಲ್ಲಿ ಒಂದಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಆಡಿಬಿಡಬೇಕು. ಕೋಲಾರ ಚಿಕ್ಕಬಳ್ಳಾಪುರಗಳ ಕೊಳವೆಬಾವಿಗಳಲ್ಲಿ ಜನರನ್ನು ಬಾಧಿಸುತ್ತಿರುವುದು ಮುಖ್ಯವಾಗಿ ಫ್ಲೋರೈಡ್. ಫ್ಲೋರೈಡು ಒಂದು ಸರಳ ಅಯಾನು. ಕತ್ತರಿಸಿ ಸಣ್ಣದಾಗಿಸಲು ಅದರಲ್ಲಿ ಏನೂ ಇಲ್ಲ. ಯಾವ ಬೆಳಕೂ, ಯಾವ ಪುಡಿಯೂ, ಯಾವ ರ್‍ಯಾಡಿಕಲ್ಲೂ ಅದನ್ನು ನಾಶಗೊಳಿಸಲಾರದು. ಹೀರಿ ತೆಗೆಯಬೇಕು, ಸೋಸಿ ತೆಗೆಯಬೇಕು, ಇಲ್ಲವೆ ಮಳೆನೀರನ್ನು ಹಿಡಿದಿಟ್ಟು ಕುಡಿಯಬೇಕು. ಸೀಸದಂತಹ ಲೋಹಗಳ ಕಥೆಯೂ ಇಷ್ಟೆ: ಅವುಗಳ ರೂಪವನ್ನು ಬದಲಿಸಬಹುದು, ಅವುಗಳನ್ನು ಇಲ್ಲವಾಗಿಸಲಾಗದು. ‘ಬೆಳಕಿನಿಂದ ನೀರು ಶುದ್ಧಿ’ ಎಂಬ ಶಿರೋನಾಮೆಯ ಕೆಳಗೆ ಈ ಭೇದವನ್ನು ಹೇಳದೆ ಬಿಡುವುದು ಫ್ಲೋರೈಡಿನಿಂದ ಹಲ್ಲು ಕೆಟ್ಟ ಮಗುವಿನ ತಂದೆಗೆ ಮಾಡುವ ವಂಚನೆ.

ಮೂಲವಿಜ್ಞಾನಕ್ಕೆ ಉಪಯೋಗದ ಅಳತೆಗೋಲನ್ನು ಹಿಡಿಯಬಾರದೆಂದು ಆಕ್ಷೇಪಿಸುವವರುಂಟು, ಅವರ ಮಾತು ನ್ಯಾಯವಾದುದೇ. ಇಲೆಕ್ಟ್ರಾನು ಪಾಲಿಮರಿನಿಂದ ಆಕ್ಸೈಡಿಗೆ ಹೇಗೆ ದಾಟುತ್ತದೆಂಬುದನ್ನು ತಿಳಿಯುವುದೇ ಒಂದು ಪುರುಷಾರ್ಥ; ಶಿರಕಾವರು ಬೆಳ್ಳಿಯ ಹಾಳೆಯನ್ನು ನೋಡಿ ಬೆರಗಾದಾಗ ಅದರ ಮಾರುಕಟ್ಟೆಯನ್ನು ಚಿಂತಿಸಲಿಲ್ಲ. ಹಾಗೆ ತಿಳಿವಿಗಾಗಿಯೇ ನಡೆಸಿದ ಸಂಶೋಧನೆಯನ್ನು ತಿಳಿವಿನ ಹೆಸರಿನಲ್ಲಿಯೇ ಪ್ರಕಟಿಸಲಿ, ನಮಗೆ ಸಂತೋಷ. ಆಗ ಕೊಳಚೆನೀರಿನ ಆಶ್ವಾಸನೆಯ ಕೊನೆಯ ಪರಿಚ್ಛೇದವನ್ನು ಹೊಡೆದುಹಾಕಬೇಕು. ಶೋಧನೆಯ ಸ್ವಾತಂತ್ರ್ಯವನ್ನೂ ಸೇವೆಯ ಪುಣ್ಯವನ್ನೂ ಒಂದೇ ಕೈಯಲ್ಲಿ ಬೇಡಲಾಗದು.

ಉಪಯೋಗವನ್ನೇ ಹುಡುಕುವುದಾದರೆ, ಅದು ನಾವು ನೋಡುತ್ತಿರುವ ದಿಕ್ಕಿಗಿಂತ ಹತ್ತಿರದಲ್ಲಿ, ಹುಳು ಸಾಕುವ ಮನೆಯೊಳಗೇ ಇರಬಹುದು. ಚಾಕಿ ಹುಳುವಿಗೆ, ಎಂದರೆ ಎಳೆಯ ಹುಳುವಿಗೆ, ಗಾಳಿಯಲ್ಲಿ ಶೇಕಡ 85ರ ಸುಮಾರಿನ ತೇವ ಬೇಕು. ಜ್ವರಗಳನ್ನು, ಎಂದರೆ ಪೊರೆ ಕಳಚುವ ಹಂತಗಳನ್ನು, ದಾಟಿ ಬೆಳೆದ ಹುಳುವಿಗೆ 70ರ ಆಸುಪಾಸು ಸಾಕು, ಅದಕ್ಕಿಂತ ಹೆಚ್ಚಾದರೆ ಸುಣ್ಣಕಟ್ಟು ರೋಗಕ್ಕೆ ಆಹ್ವಾನವಿತ್ತಂತೆ. ಈ ಅಳತೆಯನ್ನು ಇಂದಿಗೂ ಅನೇಕ ರೈತರು ಚರ್ಮದ ಮೇಲಿನ ಅನುಭವದಿಂದಲೇ ಊಹಿಸುತ್ತಾರೆ. ಕಲಬುರ್ಗಿಯಲ್ಲಿ ಪಾಲಿಅನಿಲೀನು ಮಾಡಿ ತೋರಿಸಿದ್ದು ಇದೇ ಕೆಲಸವನ್ನು: ತೇವ ಹೆಚ್ಚಿದಂತೆ ಅದರ ವಿದ್ಯುತ್ ತಡೆಯು ಬದಲಾಗುತ್ತದೆ. ಲೇಪದಂತೆ ಬಳಿಯಬಹುದಾದ, ಅಗ್ಗದ ಪದಾರ್ಥದಿಂದಾದ ತೇವಮಾಪಕವೊಂದು ಹುಳುಮನೆಯಲ್ಲಿ ಗೂಡು ಕಟ್ಟಿಸುವ ಚಂದ್ರಿಕೆಗಳ ಪಕ್ಕದಲ್ಲಿ ವರ್ಷಗಟ್ಟಲೆ ನಿಂತೀತೆ, ಹುಳುಮನೆಗೆ ಎರಚುವ ಬ್ಲೀಚಿಂಗ್ ಪುಡಿಯ ಆವಿಗೆ ಕೆಡದೆ ಉಳಿದೀತೆ ಎಂಬುದನ್ನು ಪರೀಕ್ಷಿಸಲು ಪಾದರಸದ ದೀಪವೂ ಬೇಡ, ಎಂಟುನೂರು ಎಕರೆಯೂ ಬೇಡ. ರೇಷ್ಮೆಗೂ ಈ ಪಾಲಿಮರುಗಳಿಗೂ ಇರುವ ನಂಟು ಇಲ್ಲಿಗೇ ನಿಲ್ಲುವುದಿಲ್ಲ. 2011ರಲ್ಲಿ ಸ್ವೀಡನ್ನಿನ ಸಂಶೋಧಕರು ರೇಷ್ಮೆಯ ದಾರವನ್ನು, ಬಣ್ಣಗಾರನು ಅದ್ದುವಂತೆಯೇ, ವಿದ್ಯುದ್ವಾಹಕ ಪಾಲಿಮರಿನ ದ್ರಾವಣದಲ್ಲಿ ಅದ್ದಿ, ಆ ದಾರಗಳಿಂದಲೇ ಟ್ರಾನ್ಸಿಸ್ಟರುಗಳನ್ನು ಹೆಣೆದರು. ಚಳಿನಾಡಿನವರು ಕೊಂಡು ತಂದ ರೇಷ್ಮೆಯಿಂದ ಇದನ್ನು ಸಾಧಿಸಿದರೆಂಬುದನ್ನು ಕೇಳಿದಾಗ, ರೇಷ್ಮೆಯ ನಾಡಿನವರಾದ ನಮಗೆ ಸ್ವಲ್ಪ ನಾಚಿಕೆಯಾಗುವುದು ಆರೋಗ್ಯದ ಲಕ್ಷಣ.

ಈ ಲೇಖನವನ್ನು ಓದುವ ರಸಾಯನಶಾಸ್ತ್ರದ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿಯಿದೆ. ಮುಂದಿನ ವಿದ್ಯಾರ್ಥಿಯು ಸಂಶೋಧನೆಗೆ ಬಂದಾಗ, ಮಿಥಿಲೀನ್ ಬ್ಲೂವಿನ ಶೀಷೆಯನ್ನು ಅವನ ಕೈಗೆ ಕೊಡುವ ಮೊದಲು ಶಿಡ್ಲಘಟ್ಟದ ಬಸ್ಸನ್ನು ಹತ್ತಿಸಿ. ಒಂದು ಬಿಚ್ಚಾಣಿಕೆ ಘಟಕದ ಯಜಮಾನರ ಅಪ್ಪಣೆ ಪಡೆದು, ಬೆಳಗಿನ ನೀರನ್ನೂ ಸಂಜೆ ಚೆಲ್ಲುವ ನೀರನ್ನೂ ಬೇರೆಬೇರೆ ಕ್ಯಾನುಗಳಲ್ಲಿ ಅವನು ತರಲಿ. ಅಂಟನ್ನು ಬೇರ್ಪಡಿಸಿ ತೂಗಲಿ. ಮಿಕ್ಕ ನೀರಿನಲ್ಲಿ ಸೇಂದ್ರಿಯ ಇಂಗಾಲವೆಷ್ಟು, ಲವಣವೆಷ್ಟು ಎಂದು ಬರೆದಿಡಲಿ. ಆಮೇಲೆ ತನ್ನ ಪುಡಿಯನ್ನು ಹಾಕಿ, ಒಂದು ಬೇಸಗೆ ಒಂದು ಮಳೆಗಾಲ ಕಾಯಲಿ. ಪುಡಿಯು ಸೋತರೆ ಸೋತಿತೆಂದೇ ಪ್ರಬಂಧದಲ್ಲಿ ಅಚ್ಚಾಗಲಿ; ಗೆದ್ದರೂ ಸೋತರೂ ಅದರ ಎರಡು ಪುಟದ ಸಾರಾಂಶವೊಂದು, ಕನ್ನಡದಲ್ಲಿ, ಆ ನೀರನ್ನು ಕೊಟ್ಟ ಘಟಕದವರ ಕೈಸೇರಲಿ.